ಸುಣ್ಣಕಟ್ಟು

ವೆಂಕಟರವಣಪ್ಪನವರ ನಾಲಿಗೆಗೆ ಏನೋ ಆಗಿದೆಯೆಂದು ಮನೆಯವರಿಗೆ ತಡವಾಗಿ ಗೊತ್ತಾದದ್ದಕ್ಕೆ ಮುದ್ದೆಯೇ ಕಾರಣ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದರೆ ಆಯಿತು. ಎರಡು ಹೊತ್ತೂ ಮುದ್ದೆ ಉಣ್ಣುವ ಮನುಷ್ಯನ ನಾಲಿಗೆಯ ಯೋಗಕ್ಷೇಮವನ್ನು ಯಾರು ವಿಚಾರಿಸುತ್ತಾರೆ?

ವಿಚಾರಿಸಿದವಳು ಸೊಸೆ ತನುಜ. ಅವಳ ಸ್ವಭಾವವೇ ಹಾಗೆ. ಮೇಲೂರಿನ ಶಾಲೆಯಲ್ಲಿ ಕನ್ನಡ ಪಾಠ ಹೇಳುವ ಅವಳು, ಬಸ್ಸು ಹತ್ತುವ ಹೊತ್ತಿಗೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ಸು ಬಂದು ನೋಡಿಕೊಂಡು ಹೋಗುವವಳು. ಅವತ್ತು ಸಂಜೆ ಜಗಲಿಯ ಮೇಲೆ ಹುರಿದ ಕಡಲೆಕಾಯಿಯ ಮೊರ ಇಟ್ಟುಕೊಂಡು ಮಾವ ಸುಲಿಯುತ್ತಿದ್ದರು. ಸುಲಿದದ್ದನ್ನೆಲ್ಲ ಮೊಮ್ಮಗಳು ಚೈತನ್ಯಳ ಕೈಗೆ ಹಾಕುತ್ತಿದ್ದರೇ ಹೊರತು ತಮ್ಮ ಬಾಯಿಗೆ ಒಂದು ಬೀಜವನ್ನೂ ಹಾಕಿಕೊಳ್ಳಲಿಲ್ಲ.

"ಯಾಕ್ ಮಾವ, ನೀವು ತಿಂತಾನೇ ಇಲ್ಲ?"

"ತಿಂದೆ ಕಣಮ್ಮ."

"ಎಲ್ ತಿಂದ್ರಿ? ನಾನು ಆವಾಗಿಂದ ನೋಡ್ತಾನೇ ಇದೀನಿ."

"ನೀನು ಪೊಲೀಸ್ ಆಗ್ಬೇಕಾಗಿತ್ತಮ್ಮ. ತಪ್ಪಿ ಮೇಡಂ ಆಗ್ಬಿಟ್ಟಿದೀಯ."

ನಗುವಾಗ ಅವರು ಎಡಗೆನ್ನೆಯನ್ನು ಕೈಯಲ್ಲಿ ಹಿಡಿದುಕೊಂಡದ್ದನ್ನು ತನುಜ ನೋಡಿದಳು. ಚೈತನ್ಯ ಫೋನಿನ ಟಾರ್ಚ್ ಹಾಕಿ, "ತಾತ, ಆ ಅನ್ನು" ಎಂದಳು. ನಾಲಿಗೆಯ ಎಡ ಅಂಚಿನಲ್ಲಿ ಅವರೆಕಾಳಿನಷ್ಟು ಹುಣ್ಣು. ಸುತ್ತ ಏರಿದ ಅಂಚು, ನಡುವೆ ಬೆಳ್ಳಗೆ.

"ಎಷ್ಟ್ ದಿನದಿಂದ ಇದು?"

"ದಿನ ಯಾರಮ್ಮ ಎಣಿಸ್ತಾರೆ? ಅದಾಗೇ ಹೋಗುತ್ತೆ."

ಅತ್ತೆ ಗಂಗುಲಮ್ಮ ಒಳಗಿನಿಂದಲೇ ತೀರ್ಪು ಕೊಟ್ಟಳು. "ಉಷ್ಣ! ಹಗಲು ರಾತ್ರಿ ರೇಷ್ಮೆ ಹುಳಮನೇಲಿ ಕೂತ್ಕೊಂಡ್ರೆ ಇನ್ನೇನಾಗುತ್ತೆ? ಬೆಣ್ಣೆ ಹಚ್ತೀನಿ, ಮೂರು ದಿನದಲ್ಲಿ ಹೋಗದಿದ್ರೆ ಕೇಳು."

ಬೆಣ್ಣೆ ಹಚ್ಚಿದ್ದಾಯಿತು. ಬಸಳೆ ಸೊಪ್ಪಿನ ಸಾರಾಯಿತು, ನೀರುಮಜ್ಜಿಗೆಯಾಯಿತು. ಸಾರಿಗೆ ಖಾರ ಕಮ್ಮಿಯಾಗಿ ಮಗ ಭಾನುಪ್ರಕಾಶ್, "ಅಪ್ಪನ ಬಾಯಿಗೆ ಹುಣ್ಣಾದ್ರೆ ನನ್ ಬಾಯಿಗ್ಯಾಕಮ್ಮ ಪಥ್ಯ?" ಎಂದು ತಟ್ಟೆ ಸರಿಸಿ ಜಗಳವಾಡಿದ್ದೂ ಆಯಿತು. ಹುಣ್ಣು ಹೋಗಲಿಲ್ಲ. ಮಾವನ ಅಂಗಿ ಹೆಗಲ ಮೇಲೆ ಜೋತುಬೀಳತೊಡಗಿತು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು. ರೇಷ್ಮೆಹುಳು ಸೊಪ್ಪು ಬಿಟ್ಟು ಪೊರೆ ಕಳಚಲು ತಲೆಯೆತ್ತಿ ಮಲಗುವುದಕ್ಕೆ ಆ ಕಡೆ ಜ್ವರ ಎಂದೇ ಹೆಸರು. ಅದನ್ನೇ ಹಿಡಿದು ವೆಂಕಟರವಣಪ್ಪ ತಮಾಷೆ ಮಾಡಿದರು: "ಹುಳ ನಾಲ್ಕು ಜ್ವರಕ್ಕೆ ಹಣ್ಣಾಗಿ ಗೂಡು ಕಟ್ಟುತ್ತೆ. ನನಗೆ ಲೆಕ್ಕ ತಪ್ಪೋಗಿದೆ, ಇನ್ನೂ ಹಣ್ಣಾಗ್ಲಿಲ್ಲ."

ಯಾರೂ ನಗಲಿಲ್ಲ.

ಶಿಡ್ಲಘಟ್ಟದ ಹಲ್ಲಿನ ಡಾಕ್ಟರು ಹುಣ್ಣನ್ನು ಬೆರಳಲ್ಲಿ ಒತ್ತಿ ನೋಡಿದರು. "ಗಟ್ಟಿ ಇದೆ. ಹೊಗೆಸೊಪ್ಪು ಹಾಕ್ತಿದ್ರಾ?" ಎಂದರು. ಹಾಕುತ್ತಿದ್ದುದು ನಿಜ, ಬಿಟ್ಟು ಬಹಳ ಕಾಲವಾದದ್ದೂ ನಿಜ. ಅವರು ಚಿಕ್ಕಬಳ್ಳಾಪುರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿನ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಅವಸರವಿಲ್ಲದ ಮಾತು. ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿ ಹೌದೆನ್ನಿಸಿಕೊಂಡರು, ಕತ್ತಿನಲ್ಲಿ ಗಂಟು ತಡಕಿದರು, ಬೆಳ್ಳಗಿದ್ದುದನ್ನು ಹತ್ತಿಯಿಂದ ಒರೆಸಿ ನೋಡಿದರು. ಅದು ಬರಲಿಲ್ಲ.

"ಬಾಯಲ್ಲಿ ಬೆಳ್ಳಗೆ ಬರೋ ಮಾಮೂಲಿ ಫಂಗಸ್ ಆದ್ರೆ ಒರೆಸಿದ್ರೆ ಸಾಮಾನ್ಯವಾಗಿ ಬಂದ್ಬಿಡುತ್ತೆ. ಇದು ಬರ್ತಿಲ್ಲ. ಕ್ಯಾನ್ಸರ್ ಇರ್ಬಹುದು. ಒಳಗೆ ಇಳಿದಿರೋ ಬೇರೆ ಥರದ ಫಂಗಸ್ ಇರ್ಬಹುದು. ಟಿಬಿ ಕೂಡ ಒಂದೊಂದ್ಸಲ ಹಿಂಗೇ ಕಾಣುತ್ತೆ. ಕಣ್ಣಲ್ಲಿ ನೋಡಿ ಹೇಳಿದ್ರೆ ತಪ್ಪಾಗುತ್ತೆ. ಒಂದು ಚೂರು ತೆಗೆದು ಟೆಸ್ಟ್ ಮಾಡ್ಬೇಕು."

"ಕತ್ತಿ ಮುಟ್ಟಿಸಲ್ಲ" ಎಂದರು ವೆಂಕಟರವಣಪ್ಪ. "ಕತ್ತಿ ತಾಗಿದ್ರೆ ಅದು ಹರಡುತ್ತೆ."

"ಹರಡಲ್ಲ ತಾತ. ಗೊತ್ತಿಲ್ದೇ ಸುಮ್ನೆ ಕೂತ್ರೆ ಅದೇ ತೊಂದ್ರೆ."

ಅವರು ಎದ್ದು ಅಂಗಿಯ ಗುಂಡಿ ಹಾಕಿಕೊಂಡು ಹೊರಗೆ ನಡೆದೇಬಿಟ್ಟರು.

ಡಾಕ್ಟರಮ್ಮ ಹೇಳಿದ್ದು ಮೂರು ಹೆಸರು. ಮನೆಗೆ ಬಂದು ತಲುಪಿದ್ದು ಒಂದೇ.

ಅಂದಿನಿಂದ ಆ ಮನೆಯ ಮಾತು ಬದಲಾಯಿತು. ಬದಲಾದದ್ದು ಏನೆಂದು ತನುಜಳಿಗೆ ಮೊದಲು ತಿಳಿಯಲಿಲ್ಲ. ಮಾವನ ತಂಗಿ ರಾಮಲಕ್ಷ್ಮಮ್ಮ ಮಂಚೇನಹಳ್ಳಿಯಿಂದ ಹೋಳಿಗೆ ಕಟ್ಟಿಕೊಂಡು ಬಂದಳು. ಅಣ್ಣನನ್ನು ನೋಡಿದ್ದೇ, "ಏಮನ್ನಾ ಇದಿ, ಏನಣ್ಣ ಇದು, ಹಿಂಗಾಗ್ಬಿಟ್ಟಿದೀಯಲ್ಲೋ" ಎಂದು ಸೆರಗು ಬಾಯಿಗಿಟ್ಟುಕೊಂಡಳು. ಅಡುಗೆಮನೆಯಲ್ಲಿ ಅತ್ತಿಗೆಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತ ಚೈತನ್ಯಳಿಗೆ ಹೇಳಲು ಶುರುಮಾಡಿದಳು.

"ನಮ್ಮಣ್ಣನ ಥರ ರೇಷ್ಮೆಗೂಡು ಹೊರೋರು ಈ ಸೀಮೇಲೇ ಇರ್ಲಿಲ್ಲ ಕಣೇ ಚೈತೂ. ಮೂಟೆ ಹೊತ್ಕೊಂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಕತ್ತಲಲ್ಲೇ ನಡ್ಕೊಂಡ್ ಹೋಗ್ತಿದ್ದ. ಬರೋವಾಗ ನನಗೆ ಗಾಜಿನ ಬಳೆ, ಅಮ್ಮಂಗೆ ಎಲೆಅಡಿಕೆ. ಒಂದ್ಸಲನೂ ಮರೀತಿರ್ಲಿಲ್ಲ."

"ನನಗೇನ್ ತರ್ತಿದ್ರು ಕೇಳು" ಎಂದಳು ಗಂಗುಲಮ್ಮ. "ಹುಳಮನೆ ತೊಳೆಯೋಕೆ ಬ್ಲೀಚಿಂಗ್ ಪೌಡ್ರು!"

ಇಬ್ಬರೂ ನಕ್ಕರು. ನಗುತ್ತಲೇ ಗಂಗುಲಮ್ಮ ಹೇಳಿದಳು: ತಾನು ಮದುವೆಯಾಗಿ ಈ ಮನೆಗೆ ಬಂದಾಗ ಹುಳ ನಾಲ್ಕನೇ ಜ್ವರ ಎದ್ದಿತ್ತು. ಹೆಣ್ಣು ಒಪ್ಪಿಸಲು ಬಂದ ಬೀಗರಿಗೆ ಊಟ ಹಾಕುವುದಕ್ಕಿಂತ ಹುಳಕ್ಕೆ ಸೊಪ್ಪು ಹಾಕುವ ಧಾವಂತ ಗಂಡನಿಗೆ. ಮದುವೆಯ ಪಂಚೆಯಲ್ಲೇ ತಟ್ಟೆಗಳ ನಡುವೆ ಓಡಾಡುತ್ತಿದ್ದ. ಆಮೇಲೆ ಅವಳ ಕೈ ಹಿಡಿದು ಒಳಗೆ ಕರೆದೊಯ್ದು, "ಸುಮ್ನಿರು, ಕೇಳು" ಎಂದ. ಸಾವಿರಾರು ಹುಳಗಳು ಹಿಪ್ಪುನೇರಳೆ ಎಲೆ ಮೇಯುವ ಸದ್ದು, ಹೆಂಚಿನ ಮೇಲೆ ತೆಳುಮಳೆ ಬಿದ್ದ ಹಾಗೆ. "ಅದೇ ನನ್ ಮದ್ವೆ ವಾಲಗ" ಎಂದು ಗಂಗುಲಮ್ಮ ಕಣ್ಣೊರೆಸಿಕೊಂಡಳು. "ಎಂಥಾ ಮನುಷ್ಯ ಇದ್ರು..."

ಸಾರಿಗೆ ಒಗ್ಗರಣೆ ಹಾಕುತ್ತಿದ್ದ ತನುಜಳ ಕೈ ನಿಂತಿತು. ಇದ್ರು. ತರ್ತಿದ್ರು. ಮರೀತಿರ್ಲಿಲ್ಲ. ಮಕ್ಕಳಿಗೆ ದಿನವೂ ಕಾಲಗಳನ್ನು ಕಲಿಸುವ ಅವಳಿಗೆ ಆಗ ಹೊಳೆಯಿತು. ಈ ಮನೆ ಅವರನ್ನು ಭೂತಕಾಲಕ್ಕೆ ಸಾಗಿಸಿಬಿಟ್ಟಿದೆ. ಅವರು ಮಾತ್ರ ಹೊರಗೆ ಜಗಲಿಯ ಮೇಲೆ ಕೂತು, ಬಿದಿರುತಟ್ಟೆಯ ಅಂಚಿಗೆ ಕಟ್ಟು ಬಿಗಿಯುತ್ತಿದ್ದಾರೆ.

ಅವಳೂ ಹೊರತಲ್ಲ. ಹಿಂದಿನ ದಿನವಷ್ಟೇ ಶಾಲೆಯ ಸಹೋದ್ಯೋಗಿಗೆ, "ನಮ್ಮ ಮಾವ ನನ್ನನ್ನ ಬಿಎಡ್ ಓದಿಸಿದ್ರು. ಪರೀಕ್ಷೆ ದಿನ ಗೌರಿಬಿದನೂರಿನವರೆಗೂ ಜತೆಗೆ ಬಂದು ಹೊರಗೆ ಮರದ ಕೆಳಗೆ ಕಾಯ್ತಾ ಇರ್ತಿದ್ರು" ಎಂದು ಹೇಳಿ ಅತ್ತಿದ್ದಳು.

ಆ ರಾತ್ರಿಯ ಊಟದಲ್ಲಿ ಭಾನುಪ್ರಕಾಶ್ ಮೆಲ್ಲಗೆ, "ಈ ಬೆಳೆ ಆದ್ಮೇಲೆ ಹುಳ ನಿಲ್ಲಿಸ್ಬಿಡಣ. ಅಪ್ಪ ಇದ್ದಾಗ ಸರಿ..." ಎಂದು ತೊದಲಿದ.

ವೆಂಕಟರವಣಪ್ಪ ತಟ್ಟೆಯಿಂದ ಕೈ ತೆಗೆದರು. "ಯಾವಪ್ಪನೋ ಇದ್ದಾಗ? ನಾನೇನ್ ಫೋಟೋನಾ, ಗೋಡೆ ಮೇಲಿದೀನಾ? ಇಲ್ಲೇ ಉಣ್ತಾ ಕೂತಿದೀನಲ್ಲೋ!"

"ಹಂಗಲ್ಲಪ್ಪ..."

"ಮಧ್ಯಾಹ್ನದಿಂದ ಕೇಳಿಸ್ಕೋತಿದೀನಿ. ಅಲ್ಲಿ ನಿಮ್ಮತ್ತೆ, ಇಲ್ಲಿ ನೀನು. ಹೊಗಳೋದಾದ್ರೆ ಎದುರಿಗೆ ಹೊಗಳ್ರೋ, ನಾನೂ ಸ್ವಲ್ಪ ಖುಷಿ ಪಡ್ತೀನಿ."

"ಹಂಗಾದ್ರೆ ಟೆಸ್ಟ್ ಮಾಡಿಸ್ಕೊಳ್ಳಿ ಮಾವ" ಎಂದಳು ತನುಜ.

ಗಂಗುಲಮ್ಮ ಸಿಡಿದಳು. "ನೀನ್ ಸುಮ್ನಿರಮ್ಮ! ಓದಿದೀನಿ ಅಂತ ಬಾಯಿಬಿಟ್ರೆ ಟೆಸ್ಟು ಟೆಸ್ಟು. ಕತ್ತರಿಸಿ ನೋಡಿ ಅದೇ ಅಂತ ಬರೆದುಕೊಡ್ತಾರೆ, ಆಮೇಲೆ? ಇರೋ ನಾಲ್ಕು ದಿನನಾದ್ರೂ ನೆಮ್ಮದಿಯಾಗಿ ಇರ್ಲಿ."

"ಅದೇ ಅಂತ ಯಾರ್ ಹೇಳಿದ್ದತ್ತೆ? ಡಾಕ್ಟರಮ್ಮ ಮೂರು ಹೆಸರು ಹೇಳಿದ್ರು. ನೀವೆಲ್ಲ ಸೇರ್ಕೊಂಡು ಒಂದನ್ನ ಆರಿಸ್ಕೊಂಡಿದೀರ."

"ನನಗೆ ಆಸೆ ನೋಡು ಆರಿಸ್ಕೊಳ್ಳೋಕೆ!"

ತಟ್ಟೆಗಳು ಅರ್ಧಕ್ಕೇ ಎದ್ದವು. ತನುಜ ಮಾತ್ರ ಕೂತೇ ಇದ್ದಳು. ಮಾವನೂ ಏಳಲಿಲ್ಲ.

"ಮಾವ, ನೀವು ಬೆಂಕಿಪೊಟ್ಟಣದ ಕತೆ ಹೇಳ್ತೀರಲ್ಲ" ಎಂದಳು ಅವಳು.

ಅದು ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದ ಕತೆ. ಭಾನು ಹುಟ್ಟಿದ ವರ್ಷ ಚಳಿಗಾಲದಲ್ಲಿ ಒಂದು ತಟ್ಟೆಯ ಹುಳಗಳು ಮೇವು ಬಿಟ್ಟವು. ಒಬ್ಬರು ಹಾಲುತೊಂಡೆ ಎಂದರು, ಒಬ್ಬರು ಸಪ್ಪೆರೋಗ ಎಂದರು, ಪಕ್ಕದೂರಿನವರು ದೃಷ್ಟಿ ಎಂದರು. ವೆಂಕಟರವಣಪ್ಪ ಒಂದು ಸತ್ತ ಹುಳವನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಶಿಡ್ಲಘಟ್ಟದ ರೇಷ್ಮೆ ಇಲಾಖೆಗೆ ಹೋದರು. ಅಲ್ಲಿನ ಅಧಿಕಾರಿ ಅದನ್ನು ಕೊಯ್ದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಇವರಿಗೂ ತೋರಿಸಿದರು. ಎಳೆ ಎಳೆಯಾಗಿ, ಒತ್ತಾಗಿ ನೆಟ್ಟ ನಾಟಿಯ ಹಾಗೆ. ಸುಣ್ಣಕಟ್ಟು. ಹುಳದ ಮೈಯೊಳಗೆ ಬೂಷ್ಟು ಬೆಳೆದು, ಸತ್ತ ಮೇಲೆ ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗೆ ಗಟ್ಟಿಯಾಗುವ ರೋಗ. ಅವರು ವಾಪಸ್ಸು ಬರುವ ಹೊತ್ತಿಗೆ ಅದು ಮನೆಯೆಲ್ಲ ಹರಡಿತ್ತು. ಅಷ್ಟೂ ತಟ್ಟೆಗಳನ್ನು ಒಬ್ಬರೇ ಹೊತ್ತು ಗುಂಡಿಗೆ ಸುರಿದರು.

"ಆವತ್ತು ಕೊಯ್ದು ನೋಡಿದ್ದಕ್ಕೆ ತಾನೆ ಗೊತ್ತಾಗಿದ್ದು?" ಎಂದಳು ತನುಜ. "ಎರಡು ದಿನ ಮುಂಚೆ ಹೋಗಿದ್ರೆ ಬೇರೆ ತಟ್ಟೆ ಉಳೀತಿತ್ತು ಅಂತ ಇವತ್ತಿಗೂ ಹೇಳ್ತೀರ."

ವೆಂಕಟರವಣಪ್ಪ ತಟ್ಟೆಯಲ್ಲಿ ಉಳಿದಿದ್ದ ಮುದ್ದೆಯನ್ನು ಮುರಿದರು.

"ನನ್ನನ್ನೇ ಬೆಂಕಿಪೊಟ್ಟಣದಲ್ಲಿ ಹಾಕ್ಕೊಂಡ್ ಹೋಗ್ತೀಯೇನಮ್ಮ?"

"ನೀವ್ ಹಿಡಿಸಲ್ಲ. ಬಸ್ಸಲ್ಲಿ ಹೋಗಣ."

ಚೂರು ತೆಗೆದದ್ದು ಗೊತ್ತಾಗಲಿಲ್ಲ ಎಂದು ಅವರೇ ಹೇಳಿದರು. ಅದರ ಮುಂದಿನ ದಿನಗಳೇ ಕಷ್ಟದವು. ಮೊಟ್ಟೆಯೊಡೆದ ಹುಳಗಳನ್ನು ಸಾಕಿ ಕೊಡುವ ಚಾಕಿ ಕೇಂದ್ರದಿಂದ ತಂದ ಮರಿಹುಳಗಳು ಮೂರನೇ ಜ್ವರ ಕಳೆದು ನಾಲ್ಕನೆಯದಕ್ಕೆ ಕೂತು ಎದ್ದವು. ಫಲಿತಾಂಶ ಬರಲಿಲ್ಲ. ಫೋನ್ ರಿಂಗಾದಾಗಲೆಲ್ಲ ಗಂಗುಲಮ್ಮ ದೇವರ ಗೂಡಿನ ಕಡೆ ನೋಡುತ್ತಿದ್ದಳು. ಕೈವಾರಕ್ಕೆ ಹರಕೆ ಕಟ್ಟಿದಳು. ವೆಂಕಟರವಣಪ್ಪ ಮಾತ್ರ ಎಂದಿನಂತೆ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಹುಳಮನೆಗೆ ಹೋಗುವುದು, ಸೊಪ್ಪು ಹರಡುವುದು, ಕಿಟಕಿಯ ಗೋಣಿತಾಟು ಎತ್ತಿ ಇಳಿಸುವುದು ಬಿಡಲಿಲ್ಲ. ಬೆಳೆ ನಿಲ್ಲಿಸುವ ಮಾತನ್ನು ಭಾನು ಮತ್ತೆ ಎತ್ತಲಿಲ್ಲ.

ಕೊನೆಗೆ ಚಿಕ್ಕಬಳ್ಳಾಪುರದಿಂದ ಕರೆ ಬಂತು. ತನುಜ ರಜೆ ಹಾಕಿ ಮಾವನ ಜತೆ ಹೋದಳು.

"ಕ್ಯಾನ್ಸರ್ ಅಲ್ಲ" ಎಂದರು ಡಾಕ್ಟರಮ್ಮ, ಅವರು ಕುರ್ಚಿಯಲ್ಲಿ ಕೂರುವುದಕ್ಕೂ ಮೊದಲೇ. "ಫಂಗಸ್. ಒಳಗೆ ಇಳಿದಿರೋ ಜಾತಿಯದು. ಬಾವಲಿ, ಪಾರಿವಾಳ ಇರೋ ಕಡೆ ಧೂಳು ಗುಡಿಸಿದ್ರಾ?"

ಮಾವ, ಸೊಸೆ ಮುಖ ಮುಖ ನೋಡಿಕೊಂಡರು. ದೀಪಾವಳಿ ಕಳೆದ ಮೇಲೆ ಮಾವ ಹಳೆಯ ಮನೆಯ ಅಟ್ಟ ಹತ್ತಿ, ಅಪ್ಪನ ಕಾಲದ ಬಿದಿರಿನ ಚಂದ್ರಿಕೆಗಳನ್ನು ಇಳಿಸಿದ್ದರು. ಹಣ್ಣಾದ ಹುಳ ಗೂಡು ಕಟ್ಟಲು ಬಿಡುವ ಸುರುಳಿಹೆಣಿಗೆಯ ತಟ್ಟಿಗಳು. ಈಗ ಪ್ಲಾಸ್ಟಿಕ್ಕಿನವು ಬಂದು ಬಿದಿರಿನವನ್ನು ಯಾರೂ ಬಳಸದಿದ್ದರೂ, "ಒಂದ್ಸಲ ನೋಡಣ ಅನ್ನಿಸ್ತು" ಎಂದು ಇಡೀ ದಿನ ಬಾವಲಿಯ ಹಿಕ್ಕೆಯ ನಡುವೆ ಕೂತು ಒರೆಸಿದ್ದರು.

"ಅದೇ ಕಾರಣ ಅಂತ ಖಂಡಿತ ಹೇಳೋಕಾಗಲ್ಲ, ಇರ್ಬಹುದು. ಶುಗರ್ ಬೇರೆ ಇದೆಯಲ್ಲ. ಕೆಲವು ತಿಂಗಳು ಕ್ಯಾಪ್ಸೂಲ್ ತಗೋಬೇಕು, ನಾನು ಹೇಳೋವರೆಗೂ ನಿಲ್ಲಿಸ್ಬಾರ್ದು. ಒಬ್ರಿಂದ ಒಬ್ರಿಗೆ ಹರಡೋದಲ್ಲ."

ತನುಜಳಿಗೆ ಕೊನೆಯ ಮಾತುಗಳು ಅಳುವಿನಲ್ಲಿ ಅರ್ಧ ಕೇಳಿಸಿದವು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಮಾವ ಕೇಳಿದರು, "ಫಂಗಸ್ ಅಂದ್ರೆ ಏನಮ್ಮ?"

ಶಿಲೀಂಧ್ರ ಎಂದರೆ ಅವರಿಗೆ ತಿಳಿಯದು. ಮಾತನ್ನು ತೂಗಿ ಆಡುವ ತನುಜ ಅವತ್ತು ಸಂತೋಷದಲ್ಲಿ ತೂಗಲಿಲ್ಲ. ಅವರಿಗೆ ತಿಳಿದ ಮಾತಿಗಾಗಿ ತಡಕಾಡಿ, ಸಿಕ್ಕಿದ್ದನ್ನು ಕೊಟ್ಟುಬಿಟ್ಟಳು. "ಅದೇ ಮಾವ, ನಮ್ಮ ಸುಣ್ಣಕಟ್ಟು ಇಲ್ವಾ, ಆ ಥರದ್ದು."

ವೆಂಕಟರವಣಪ್ಪ ಅವಳಿಂದ ದೂರ, ಒಂದು ಮೆಟ್ಟಿಲು ಕೆಳಗೆ ಸರಿದು ಕೂತರು.

ಮನೆಯಲ್ಲಿ ಪಾಯಸ ಮಾಡಿದರು. ರಾಮಲಕ್ಷ್ಮಮ್ಮ ಫೋನಿನಲ್ಲೇ ಗೊಳೋ ಎಂದು ಅತ್ತು, ಆಮೇಲೆ ನಕ್ಕಳು. ಚೈತನ್ಯ ತಾತನ ಕೆನ್ನೆಗೆ ಮುತ್ತಿಡಲು ಹೋದರೆ ಅವರು ಮುಖ ಹಿಂದೆ ಎಳೆದುಕೊಂಡರು. ತಮ್ಮ ತಟ್ಟೆ ಲೋಟ ತಾವೇ ತೊಳೆದು ಜಗಲಿಯ ಮೂಲೆಯಲ್ಲಿ ಬೋರಲು ಹಾಕಿಕೊಂಡರು. ಹುಳಮನೆಯ ಬೀಗದ ಕೈಯನ್ನು ಮಗನ ಮುಂದೆ ಇಟ್ಟರು.

"ಇನ್ಮೇಲೆ ಒಳಗೆ ನೀನೇ ನೋಡ್ಕೋ."

"ಯಾಕಪ್ಪ? ಏನೂ ಇಲ್ಲ ಅಂತಾಯ್ತಲ್ಲ!"

"ಏನೂ ಇಲ್ಲ ಅಂತ ಯಾರೋ ಹೇಳಿದ್ದು? ಕ್ಯಾನ್ಸರ್ ಆಗಿದ್ರೆ ನನ್ನೊಬ್ಬನಿಗೆ. ನನ್ ಪಾಡಿಗೆ ನಾನು ಹೋಗ್ತಿದ್ದೆ, ಹುಳಕ್ಕೇನೂ ಆಗ್ತಿರ್ಲಿಲ್ಲ. ಇದು ಹಂಗಲ್ಲ."

ತನುಜ ಎಷ್ಟು ಬಗೆಯಲ್ಲಿ ಹೇಳಿದಳೋ. ಆ ಬೂಷ್ಟೇ ಬೇರೆ, ಈ ಬೂಷ್ಟೇ ಬೇರೆ. ಅದು ಮನುಷ್ಯರಿಗೆ ಬರಲ್ಲ, ಇದು ಹುಳಕ್ಕೆ ಹೋಗಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿ ಅವರ ಕಿವಿಗಿಟ್ಟಳು. "ಹರಡಲ್ಲ ತಾತ" ಎಂದಿತು ಫೋನು.

"ಅವರು ಹುಳ ಸಾಕಿದಾರಾ?" ಎಂದು ಮಾವ ಫೋನ್ ವಾಪಸ್ಸು ಕೊಟ್ಟರು.

ಭಾನು ರೇಷ್ಮೆ ಇಲಾಖೆಯವರನ್ನೇ ಕೇಳಿ ಬಂದ. ಅವರೂ ನಕ್ಕು ಹಾಗೆಲ್ಲ ಆಗುವುದಿಲ್ಲ ಎಂದಿದ್ದರು. ಮಾವ ಕೇಳಿಸಿಕೊಂಡು ತಲೆಯಾಡಿಸಿದರು. ಹುಳಮನೆಯ ಹೊಸಿಲು ದಾಟಲಿಲ್ಲ. ನಾಲ್ಕನೇ ಜ್ವರ ಎದ್ದು ಐದನೇ ಹಂತಕ್ಕೆ ಬಂದ ಹುಳಗಳು ಹಗಲಿರುಳೂ ಮೇಯುವ ದಿನಗಳು ಅವು. ಅವರು ಹುಳಮನೆಯ ಗೋಡೆಗೆ ಬೆನ್ನು ಕೊಟ್ಟು ಹೊರಗೆ ಕೂತಿರುತ್ತಿದ್ದರು, ಒಳಗಿನ ಸದ್ದು ಕೇಳುತ್ತ. "ಸೊಪ್ಪು ಸಾಲ್ದು, ಸದ್ದು ಇಳೀತಿದೆ" ಎಂದು ಕೂಗುತ್ತಿದ್ದರು. ಹುಣ್ಣು ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು. ಮನುಷ್ಯ ಮಾತ್ರ ಇನ್ನೂ ಬಡಕಲಾಗುತ್ತಿದ್ದರು. ಒಂದು ಮಾತಿನಿಂದ ತಾನು ಮಾಡಿದ್ದನ್ನು ನೂರು ಮಾತಿನಿಂದ ಬಿಡಿಸಲಾಗದೆ ತನುಜ ರಾತ್ರಿಯೆಲ್ಲ ಹೊರಳಾಡುತ್ತಿದ್ದಳು.

ಗಂಗುಲಮ್ಮ ಇದೆಲ್ಲ ನೋಡುತ್ತಿದ್ದಳು.

ಹುಳ ಹಣ್ಣಾದ ದಿನ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹಳದಿಗೆ ತಿರುಗಿದ ಹುಳಗಳು ತಲೆಯೆತ್ತಿ ಗೂಡಿನ ಜಾಗ ಹುಡುಕುತ್ತಿದ್ದವು. ಆರಿಸಿ ಚಂದ್ರಿಕೆಗೆ ಬಿಡಬೇಕು, ತಡವಾದರೆ ನೂಲು ಎಲ್ಲೆಂದರಲ್ಲಿ ಸುರಿದುಬಿಡುತ್ತವೆ. ತನುಜ, ಭಾನು, ಚೈತನ್ಯ ಮೂವರೂ ಒಳಗಿದ್ದರು. ಕೈ ಸಾಲದು. ಹೊರಗೆ ವೆಂಕಟರವಣಪ್ಪ ಕಿಟಕಿಯಿಂದ ಕಿಟಕಿಗೆ ಓಡಾಡುತ್ತ, "ಆ ಮೂಲೇದು ನೋಡ್ರೋ, ಮೂಲೇದು!" ಎಂದು ಒದ್ದಾಡುತ್ತಿದ್ದರು.

ಗಂಗುಲಮ್ಮ ಅವರ ತಟ್ಟೆಯಲ್ಲಿ ಮೊಸರನ್ನ ಕಲಸಿ ತಂದಿಟ್ಟಳು. ಅವರು ನಾಲ್ಕು ತುತ್ತು ಉಂಡು ಸರಿಸಿದರು. ಅವಳು ಅಲ್ಲೇ ಚಕ್ಕಂಬಕ್ಕಳ ಹಾಕಿ ಕೂತಳು. ಆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು, ಉಳಿದ ಅನ್ನಕ್ಕೆ ಕೈ ಹಾಕಿ ಉಣ್ಣತೊಡಗಿದಳು.

"ಏಯ್! ಏನೇ ಮಾಡ್ತಿದೀಯ?"

"ಕಾಣಲ್ವಾ? ಉಣ್ತಾ ಇದೀನಿ."

"ಅದು ನನ್ನ ಎಂಜಲು ಕಣೇ! ಬಿಡೇ!"

"ಮದ್ವೆ ಆದ ಹೊಸದ್ರಲ್ಲಿ ನಿಮ್ಮಮ್ಮ ನಿನ್ ಎಂಜಲೆಲೇಲೇ ಉಣ್ಣು ಅಂತ ಕೂರಿಸ್ತಿದ್ರಲ್ಲ, ಆವಾಗ ಯಾಕ್ ಬೇಡ ಅನ್ಲಿಲ್ಲ?" ಗಂಗುಲಮ್ಮ ತಟ್ಟೆಯ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಕೈತೊಳೆದು ಎದ್ದು, ಹುಳಮನೆಯ ಬಾಗಿಲ ಮುಂದಿನ ನೀರಿನಲ್ಲಿ ಕಾಲದ್ದಿ ತಿರುಗಿ ನಿಂತಳು. "ಈಗ ನನ್ ಬಾಯಲ್ಲೂ ಅದೇ ಇದೆ. ಒಳಗೆ ಹೋಗ್ಬೇಡ ಅನ್ನು, ನಾನೂ ಬಂದು ನಿನ್ ಪಕ್ಕ ಗೋಡೆಗೆ ಒರಗ್ಕೋತೀನಿ. ಹುಳ ಎತ್ತೋಕೆ ಮಂಚೇನಹಳ್ಳಿಯಿಂದ ನಿನ್ ತಂಗಿ ಬರ್ತಾಳೆ."

ಒಳಗಿನಿಂದ ಚೈತನ್ಯ, "ಅಜ್ಜೀ, ಬೇಗ ಬಾ, ಗೋಡೆ ಹತ್ತಿಬಿಡ್ತಿದಾವೆ!" ಎಂದು ಕಿರುಚಿದಳು.

"ನಿನಗೇನೂ ಆಗಲ್ವಾ?" ಎಂದರು ವೆಂಕಟರವಣಪ್ಪ, ಬಹಳ ಸಣ್ಣ ದನಿಯಲ್ಲಿ.

"ನನಗೇನಾಗುತ್ತಯ್ಯ? ಇಷ್ಟ್ ವರ್ಷ ನಿನ್ ಜತೆ ಬಾಳಿ ಆಗ್ದೇ ಇದ್ದದ್ದು?"

ಅವರು ಅಂಗಳದ ತೊಟ್ಟಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದರು, ಮತ್ತೆ ಮುಕ್ಕಳಿಸಿದರು. ಹೆಗಲ ಮೇಲಿನ ಟವೆಲನ್ನು ಮೂಗು ಬಾಯಿ ಮುಚ್ಚುವಂತೆ ಬಿಗಿದು ಕಟ್ಟಿಕೊಂಡರು. ಬ್ಲೀಚಿಂಗ್ ನೀರಿನಲ್ಲಿ ಮೊಣಕಾಲಿನವರೆಗೂ ತೊಳೆದುಕೊಂಡು, ಬಾಗಿಲ ಚೌಕಟ್ಟನ್ನು ಹಿಡಿದು ಕ್ಷಣ ನಿಂತು, ಒಳಗೆ ಬಂದರು. ತನುಜ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಈ ಸಲ ಅವಳು ಯಾವ ಮಾತನ್ನೂ ಹುಡುಕಲಿಲ್ಲ.

ಅವರು ಚಂದ್ರಿಕೆಯತ್ತ ಬಗ್ಗಿ ನೋಡಿದರು. ಟವೆಲಿನ ಒಳಗಿನಿಂದಲೇ ಹಳೆಯ ದನಿ ಎದ್ದಿತು.

"ಯಾರಮ್ಮ ಇಷ್ಟ್ ಒತ್ತಾಗಿ ಬಿಟ್ಟಿರೋದು? ಬುದ್ಧಿ ಬೇಡ್ವಾ? ಹಿಂಗ್ ಬಿಟ್ರೆ ಎರಡೆರಡು ಹುಳ ಸೇರ್ಕೊಂಡು ಒಂದೇ ಗೂಡು ಕಟ್ಕೋತವೆ. ಆಮೇಲೆ ಮಾರ್ಕೆಟ್ಟಲ್ಲಿ ಯಾರೂ ಮುಟ್ಟಲ್ಲ."

"ಕಟ್ಕೊಳ್ಳಲಿ ಬಿಡಯ್ಯ" ಎಂದಳು ಗಂಗುಲಮ್ಮ, ಅಂಗೈಯಲ್ಲಿದ್ದ ಹುಳಗಳನ್ನು ಅವರ ಅಂಗೈಗೆ ಸುರಿಯುತ್ತ.